ಹಲಗೆಯ ಮೇಲಿನ ವಿಭೂತಿ

ಊಟದ ಗಂಟೆ ಹೊಡೆದು ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತಿಗೆ ನಾನು ಕೆಲಸ ಶುರು ಮಾಡುತ್ತೇನೆ. ಕೇಳಿದವರು “ಎಂಥಾ ನಿಷ್ಠೆ ನಿಮ್ಮದು” ಅನ್ನುತ್ತಾರೆ. ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ. ನೆಲ ನಡುಗುವುದು ನಿಲ್ಲಬೇಕು, ಅಷ್ಟೆ.

ಪೀಣ್ಯದಲ್ಲಿ ನಾನಿರುವ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಎಳೆಯ ಚೀಲ ನೇಯುತ್ತಾರೆ. ಅಕ್ಕಿ, ಬೂಸಾ, ಸಿಮೆಂಟು ತುಂಬುವ ಬಿಳಿ ಚೀಲ. ಚೀಲ ಹರಿಯದಿದ್ದರೆ ಸಾಲದು, ಜಾರಲೂಬಾರದು. ತುಂಬಿದ ಚೀಲಗಳನ್ನು ಲಾರಿಯಲ್ಲಿ ಒಂದರ ಮೇಲೊಂದು ಪೇರಿಸುತ್ತಾರಲ್ಲ, ಬಟ್ಟೆ ನುಣುಪಾಗಿದ್ದರೆ ಮೊದಲ ತಿರುವಿನಲ್ಲೇ ಎಲ್ಲ ರಸ್ತೆಗೆ ಬರುತ್ತವೆ. ಅದಕ್ಕೇ ಬಟ್ಟೆಗೆ ತರಿತರಿಯಾದ ಒಂದು ಲೇಪ ಕೊಡುತ್ತಾರೆ. ಕೋಟಿಂಗ್ ಅನ್ನುತ್ತೇವೆ. ಅದು ಎಷ್ಟು ಹಿಡಿಯುತ್ತದೆ ಅಂತ ನೋಡಿ ಹೇಳುವುದು ನನ್ನ ಕೆಲಸ.

ನೋಡುವ ವಿಧಾನ ಹೈಸ್ಕೂಲಿನದೇ. ಒಂದು ತುದಿಗೆ ಕೀಲು ಹಾಕಿದ ಹಲಗೆ. ಅದರ ಮೇಲೆ ಚೀಲದ ಒಂದು ತುಂಡನ್ನು ಹಾಸಿ ಕ್ಲಿಪ್ಪು ಬಿಗಿಯಬೇಕು. ಇನ್ನೊಂದು ತುಂಡನ್ನು ಕಬ್ಬಿಣದ ಗಟ್ಟಿಯೊಂದಕ್ಕೆ ಸುತ್ತಿ ಅದರ ಮೇಲೆ ಕೂರಿಸಬೇಕು. ಆಮೇಲೆ ಹಿಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಹಲಗೆಯ ಇನ್ನೊಂದು ತುದಿಯನ್ನು ಎತ್ತುತ್ತಾ ಹೋಗಬೇಕು. ಗಟ್ಟಿ ಕೂತೇ ಇರುತ್ತದೆ. ಇನ್ನೂ ಎತ್ತಿದರೂ ಕೂತಿರುತ್ತದೆ. ಯಾವುದೋ ಒಂದು ಕೋನದಲ್ಲಿ, ಮೊದಲೇ ಏನೂ ಸುಳಿವು ಕೊಡದೆ, ಸರ್ರನೆ ಜಾರಿಬಿಡುತ್ತದೆ. ಆ ಕೋನ ಬರೆದುಕೊಂಡು ಅದರ ಟ್ಯಾನ್ ಬೆಲೆ ನೋಡಿದರೆ ಮುಗಿಯಿತು, ಅದೇ ಘರ್ಷಣಾ ಗುಣಾಂಕ. ನಮ್ಮ ಚೀಲ ಇಪ್ಪತ್ತೈದು ಡಿಗ್ರಿಯ ಆಸುಪಾಸಿನವರೆಗೆ ಹಿಡಿದುಕೊಂಡಿರಬೇಕು.

ತೊಂದರೆ ಇರುವುದು ನೆಲದಲ್ಲಿ. ನನ್ನ ಟೆಸ್ಟ್ ರೂಮಿನ ಗೋಡೆಯಾಚೆಯೇ ಕಂಪ್ರೆಸರ್. ಅದರಾಚೆ ಸಾಲುಸಾಲು ಮಗ್ಗ. ಅವೆಲ್ಲ ಓಡುತ್ತಿದ್ದರೆ ಮೇಜಿನ ಮೇಲಿನ ನೀರಿನ ಲೋಟದಲ್ಲೂ ಅಲೆ ಏಳುತ್ತದೆ. ಆ ನಡುಕಕ್ಕೆ ಗಟ್ಟಿ ತನ್ನ ಹೊತ್ತಿಗಿಂತ ಮುಂಚೆಯೇ ಜಾರಿಬಿಡುತ್ತದೆ, ಒಳ್ಳೆಯ ಚೀಲವೂ ಕೆಟ್ಟದ್ದೆನಿಸಿಕೊಳ್ಳುತ್ತದೆ. ಊಟದ ಅರ್ಧ ಗಂಟೆ ಮಾತ್ರ ಎಲ್ಲವೂ ನಿಲ್ಲುತ್ತವೆ. ಹಾಗಾಗಿ ಊರಿಗೆಲ್ಲ ಊಟದ ಹೊತ್ತು, ನನಗೆ ಹಲಗೆ ಎತ್ತುವ ಹೊತ್ತು. ಅವರು ಕೈ ತೊಳೆದು ಮಗ್ಗಕ್ಕೆ ಮರಳಿದ ಮೇಲೆ ನಾನು ಒಬ್ಬಳೇ ಡಬ್ಬಿ ತೆಗೆಯುತ್ತಿದ್ದೆ.

ಒಬ್ಬಳೇ ಉಣ್ಣುವುದು ನನಗೆ ವಂಶದಿಂದ ಬಂದದ್ದು ಅಂತಲೂ ಹೇಳಬಹುದು. ಅಪ್ಪ ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದರು. ಲೇತಿನಲ್ಲಿ ಕೆಲಸ ಮಾಡುವವರು ಮಾಡಿಕೊಟ್ಟದ್ದನ್ನು ಅಳೆದು ನೋಡಿ, ಸರಿ ಇದ್ದರೆ ಸರಿ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವ ಕೆಲಸ. ಅವರು ಮನೆಯಿಂದಲೇ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದರು. ಲೇತಿನವರ ಕ್ಯಾಂಟೀನು ಟೇಬಲ್ಲಿಗೆ ಹೋಗಿ ಕೂತವರಲ್ಲ. ಯಾರದೋ ಮಗಳ ಮದುವೆಯ ಲಾಡು ಬಂದರೂ ವಾಪಸು ಕಳಿಸುತ್ತಿದ್ದರು. “ಇನ್ನೊಬ್ಬರ ಮನೇದು ತಿಂದ್ಬಿಟ್ರೆ ಕೈ ಅಳ್ಳಾಡುತ್ತೆ ಕಣಮ್ಮ” ಅನ್ನುತ್ತಿದ್ದರು. ಅವರು ತೀರಿಕೊಂಡಾಗ ಕಾರ್ಖಾನೆಯಿಂದ ಜನ ಬಂದರು. ಹಾರ ಹಾಕಿದರು, ಕೈ ಮುಗಿದರು, ತುಂಬಾ ಪ್ರಾಮಾಣಿಕ ಮನುಷ್ಯ ಅಂದರು, ಹೋದರು. ಯಾರ ಕಣ್ಣಿನಲ್ಲೂ ನೀರಿರಲಿಲ್ಲ. ಅದನ್ನು ನಾನು ಗಮನಿಸಿದೆ.

ನನಗೆ ಮದುವೆ ಆಗಲಿಲ್ಲ. ಯಾಕೆ ಅಂತ ಮಾತ್ರ ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ಕೊಟ್ಟು ಈಗ ನನಗೇ ನಿಜ ಯಾವುದು ಅಂತ ಮರೆತುಹೋಗಿದೆ. ಬಾಗಲಗುಂಟೆಯಲ್ಲಿ ಮೇಲಿನ ಮಹಡಿಯ ಬಾಡಿಗೆ ಮನೆ. ಕೆಳಗಿನ ಮನೆಯಾಕೆ “ಮೋಟಾರು ಹಾಕಿದೀನಿ ಕಣ್ರೀ, ನೀರು ಹಿಡ್ಕೊಳ್ಳಿ” ಅಂತ ಕೂಗಿದರೆ ಅದೇ ಆ ದಿನದ ಸಂಭಾಷಣೆ. ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಲು ಹೋದರೆ ಗಂಟಲು ಕಟ್ಟಿಕೊಂಡು ಕೆಮ್ಮಬೇಕಾಗುತ್ತಿತ್ತು. ಶನಿವಾರ ಸಂಜೆಯಿಂದ ಬಾಯಿ ಬಿಟ್ಟಿರುತ್ತಿರಲಿಲ್ಲ ನೋಡಿ. ಒಂಟಿತನ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ಸುಳ್ಳು. ಹಲ್ಲುನೋವು ಯಾರಿಗಾದರೂ ಅಭ್ಯಾಸ ಆಗಿದೆಯಾ?

ಇಂಥಾ ನನ್ನ ರೂಮಿಗೆ ಅವಳು ಬಂದಳು.

ಚೀಲದ ತುಂಡುಗಳನ್ನು ಊಟದ ಹೊತ್ತಿಗೆ ಯಾರಾದರೂ ತಂದು ಕೊಡಬೇಕು. ಕೊಡುವವರು ಬಾಗಿಲ ಬಳಿ ಮೇಜಿನ ಮೇಲೆ ಎಸೆದು ಓಡುವುದು ರೂಢಿ. ಹೊಲಿಗೆ ಸೆಕ್ಷನ್ನಿಗೆ ಹೊಸದಾಗಿ ಸೇರಿದ್ದ ಈಕೆ ಮಾತ್ರ ನಿಂತೇ ಇದ್ದಳು. ಬಾಗಲಕೋಟೆ ಕಡೆಯವಳು, ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳಿರಬೇಕು. ಹಣೆಯ ಮೇಲೆ ಅಡ್ಡಕ್ಕೆ ಮೂರು ಗೆರೆ ವಿಭೂತಿ. ಗಂಡ ನಮ್ಮಲ್ಲೇ ಕೋಟಿಂಗ್ ಮೆಷಿನ್ನಿನಲ್ಲಿ ಕಾಂಟ್ರಾಕ್ಟ್ ಮೇಲಿದ್ದ.

“ಅಕ್ಕಾರ, ನೀವು ಊಟಾ ಯಾವಾಗ ಮಾಡತೀರಿ?” ಅಂದಳು.

“ನೀವೆಲ್ಲ ಮುಗಿಸಿದ ಮೇಲೆ.”

“ಒಬ್ಬರನ?”

“ಇನ್ನೇನು, ಮೆರವಣಿಗೇಲಿ ಮಾಡ್ಬೇಕಾ?”

ನನ್ನ ಈ ಧಾಟಿಗೆ ಜನ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಇವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾರನೆಯ ದಿನ ಚೀಲದ ತುಂಡಿನ ಜೊತೆ ತನ್ನ ಡಬ್ಬಿಯನ್ನೂ ತಂದಳು. ಇಲ್ಲಿ ಕೂರುವ ಹಾಗಿಲ್ಲ ಅಂದೆ. “ನಾ ಏನೂ ಮುಟ್ಟೂದಿಲ್ರಿ, ಬರೇ ಕುಂದರತೀನಿ” ಅಂತ ಮೂಲೆಯ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಎದ್ದು ಹೋಗು ಅನ್ನಲು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿ ಹಲಗೆಗೆ ತುಂಡು ಹಾಸಿದೆ.

ನಾನು ಹಿಡಿ ತಿರುಗಿಸುವಾಗ ಅವಳು ಉಸಿರು ಬಿಗಿ ಹಿಡಿದು ನೋಡುತ್ತಿದ್ದಳು. ಗಟ್ಟಿ ಜಾರಿದ ಕೂಡಲೇ “ಹೋತ್ರಿ!” ಅಂತ ಕೂಗುತ್ತಿದ್ದಳು. ವರ್ಷಗಟ್ಟಲೆ ಆ ಗಟ್ಟಿ ಜಾರುವುದನ್ನು ನೋಡಿ ನೋಡಿ ಬೇಸತ್ತಿದ್ದ ನನಗೂ ಈಗ ಅದು ಯಾವಾಗ ಜಾರುತ್ತದೋ ಅನ್ನುವ ಕುತೂಹಲ ಬಂತು. ಟೆಸ್ಟು ಬೇಗಬೇಗ ಮುಗಿಸಿ, ಗಂಟೆ ಹೊಡೆಯುವ ಮುಂಚೆ ಸಿಗುವ ಹತ್ತು ನಿಮಿಷದಲ್ಲಿ ಇಬ್ಬರೂ ತಿನ್ನುತ್ತಿದ್ದೆವು. ಅವಳದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ನನ್ನದು ಚಿತ್ರಾನ್ನವೋ ಉಪ್ಪಿಟ್ಟೋ. ಅಪ್ಪನ ಮಾತು ಕಿವಿಯಲ್ಲಿ ಕೇಳಿಸುತ್ತಲೇ ಇತ್ತು. ಕೇಳಿಸಿಕೊಳ್ಳುತ್ತಲೇ ರೊಟ್ಟಿ ಮುರಿದೆ.

ಒಂದು ದಿನ ಅವಳಿಗೆ ಸಂಶಯ ಬಂತು. “ಅಕ್ಕಾರ, ವಜ್ಜಿ ಇದ್ದದ್ದು ಜಲ್ದಿ ಜಾರಬೇಕಲ್ರಿ? ಈ ಕಬ್ಬಣ ಹಗೂರ ಇದ್ದರ ಕೂತ ಇರತಿತ್ತೇನೊ.”

ಬಾಯಲ್ಲಿ ಹೇಳಿದರೆ ನಂಬುವವಳಲ್ಲ. ಅವಳ ತುಂಬಿದ ಡಬ್ಬಿ, ಅನ್ನವನ್ನು ಪೇಪರಿಗೆ ಸುರಿದು ಖಾಲಿ ಮಾಡಿದ ನನ್ನ ಡಬ್ಬಿ, ಎರಡೂ ಒಂದೇ ತರಹದ ಸ್ಟೀಲಿನವು. ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ಹಿಡಿ ತಿರುಗಿಸು ಅಂತ ಅವಳಿಗೇ ಕೊಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು, ಮಗುವಿಗೆ ಎಣ್ಣೆ ಹಚ್ಚುವಷ್ಟು ಹುಷಾರಾಗಿ ತಿರುಗಿಸಿದಳು. ಎರಡು ಡಬ್ಬಿಗಳೂ ಕೂಡಿಯೇ ಹೊರಟು ಬಂದು ಕೆಳಗಿನ ಪಟ್ಟಿಗೆ ಠಣ್ ಅಂತ ಬಡಿದವು.

“ಅಯ್ಯ ಶಿವನ! ತುಂಬಿದ್ದೂ ಖಾಲಿದ್ದೂ ಒಂದರಿ!” ಅಂತ ಚಪ್ಪಾಳೆ ಹೊಡೆದಳು.

ಭಾರಕ್ಕೂ ಈ ಕೋನಕ್ಕೂ ಸಂಬಂಧವಿಲ್ಲ, ಒಂದಕ್ಕೊಂದು ತಾಗುವ ಎರಡು ಮೈಗಳು ಎಂಥವು ಅನ್ನುವುದೊಂದೇ ಲೆಕ್ಕ ಅಂತ ಹೇಳಿದೆ. ಚೀಲಕ್ಕೆ ಅಂತ ಒಂದು ಗುಣಾಂಕ ಇಲ್ಲ, ಕಬ್ಬಿಣಕ್ಕೆ ಅಂತಲೂ ಇಲ್ಲ. ಇದರ ಮೇಲೆ ಅದು ಅಂದಾಗ ಮಾತ್ರ ಒಂದು ಅಂಕಿ ಹುಟ್ಟುತ್ತದೆ. “ಹಂಗಾರ ಒಬ್ಬರ ಇದ್ದರ ಏನೂ ಇಲ್ಲನ್ರಿ” ಅಂದಳು. ಏನೂ ಇಲ್ಲ ಅಂದೆ.

ಅದೊಂದು ವರ್ಷ ನಾನು ಸುಖವಾಗಿದ್ದೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ದಿನಕ್ಕೆ ಹತ್ತು ನಿಮಿಷದ ಊಟಕ್ಕೆ ಸುಖ ಅನ್ನುತ್ತಾರಾ ಅಂತ. ಆದರೆ ನಾನು ಭಾನುವಾರ ಸಂಜೆಯೇ ಸೋಮವಾರಕ್ಕೆ ತರಕಾರಿ ಹೆಚ್ಚಿಡಲು ಶುರು ಮಾಡಿದ್ದೆ. ಅವಳಿಗೆ ನನ್ನ ಹುಳಿಯವಲಕ್ಕಿ ಇಷ್ಟ ಅಂತ ಗೊತ್ತಾದ ಮೇಲೆ ದೊಡ್ಡ ಡಬ್ಬಿ ಕೊಂಡುಕೊಂಡೆ.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಮಗ್ಗಗಳಿಗೆಲ್ಲ ಬಾಳೆಕಂದು, ಚೆಂಡುಹೂವಿನ ಹಾರ. ಪುರೋಹಿತರು ದೊಡ್ಡ ಮೆಷಿನ್ನುಗಳಿಗೆ ಮಂಗಳಾರತಿ ಎತ್ತಿ, ಗೇಟಿನಲ್ಲಿ ಬೂದುಗುಂಬಳ ಒಡೆಸಿ, ಎಲ್ಲರ ಕೈಗೂ ಕಡಲೆಪುರಿ, ಸ್ವೀಟು ಬಂದರೆ ಹಬ್ಬ ಮುಗಿಯಿತು. ಟೆಸ್ಟ್ ರೂಮಿನ ತನಕ ಯಾರೂ ಬರುವುದಿಲ್ಲ. ಕೆಲವು ವರ್ಷ ಉಳಿದ ಹಾರದ ತುಂಡೊಂದನ್ನು ಯಾರೋ ಬಾಗಿಲಿನ ಹಿಡಿಗೆ ಸಿಕ್ಕಿಸಿ ಹೋಗುತ್ತಿದ್ದರು. ಹಬ್ಬ ಮುಗಿದ ಕೂಡಲೇ ಲಾರಿಗೆ ಹೋಗಬೇಕಾದ ಮಾಲಿತ್ತು. ಅದಕ್ಕೆ ನಾನು ಮುಂಚೆಯೇ ಹಲಗೆಯ ಮೇಲೆ ಹೊಸ ತುಂಡು ಹಾಸಿ ಕ್ಲಿಪ್ಪು ಬಿಗಿದು ಇಟ್ಟಿದ್ದೆ.

ಅವಳು ತಟ್ಟೆ ಹಿಡಿದು ಬಂದಳು. ಹೊಸ ಸೀರೆ, ಮುಡಿ ತುಂಬ ಸೇವಂತಿಗೆ. “ನಿಮ್ಮ ಹಲಗಿಗೂ ಪೂಜಿ ಆಗಬೇಕಲ್ರಿ ಅಕ್ಕಾರ. ಇದೂ ಅನ್ನಾ ಕೊಡತೈತಿ” ಅಂದಳು. ಸೊಂಟದ ಸಣ್ಣ ಚೀಲದಿಂದ ವಿಭೂತಿ ಉಂಡೆ ತೆಗೆದು, ಅದನ್ನವಳು ಈಬತ್ತಿ ಅನ್ನುತ್ತಿದ್ದಳು, ಮೂರು ಬೆರಳಿಗೆ ಸವರಿಕೊಂಡು ಹಲಗೆಯ ನಟ್ಟನಡುವೆ ಅಡ್ಡಕ್ಕೆ ಎಳೆದಳು. ಹೂವಿಟ್ಟಳು. ಕರ್ಪೂರ ಹಚ್ಚಿ ಹಲಗೆಗೆ ಬೆಳಗಿ, ಹಾಗೇ ತಿರುಗಿ ನನಗೂ ಬೆಳಗಿಬಿಟ್ಟಳು. ಆ ರೂಮಿನಲ್ಲಿ ಯಾರಾದರೂ ಏನಾದರೂ ಹಚ್ಚಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಕೊಂಡಿದ್ದವು. ಹಲಗೆಯ ಮೇಲೆ ಅವಳು ಎಲ್ಲಿ ಏನು ಹಚ್ಚಿದಳು ಅಂತ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹಬ್ಬದ ರಜೆ ಮುಗಿಸಿ ಬರುವಷ್ಟರಲ್ಲಿ ಅವಳೇ ಮುಂಚೆ ಬಂದು ಹೂ ತೆಗೆದು, ಒಣಬಟ್ಟೆಯಿಂದ ಹಲಗೆಯನ್ನು ಚೊಕ್ಕವಾಗಿ ಒರೆಸಿಟ್ಟಿದ್ದಳು. ಬಿಳಿ ಚೀಲದ ಮೇಲೆ ಬಿಳಿ ಬೂದಿ. ಏನೂ ಕಾಣುತ್ತಿರಲಿಲ್ಲ.

ಊಟದ ಗಂಟೆ ಹೊಡೆಯಿತು, ಕಂಪ್ರೆಸರ್ ನಿಂತಿತು. ಅವಳು ಸ್ಟೂಲಿನ ಮೇಲೆ ಕೂತು ಹಬ್ಬಕ್ಕೆ ಏನೇನು ಮಾಡಿದೆ ಅಂತ ಹೇಳುತ್ತಿದ್ದಳು. ನಾನು ಗಟ್ಟಿಗೆ ತುಂಡು ಸುತ್ತಿ ಹಿಡಿ ತಿರುಗಿಸಿದೆ. ಹದಿನೇಳು ಡಿಗ್ರಿಗೇ ಗಟ್ಟಿ ಜಾರಿ ಬಂತು. ಕೈ ಅಲುಗಿತೇನೋ ಅಂದುಕೊಂಡೆ. ಗಟ್ಟಿಗೆ ಬೇರೆ ತುಂಡು ಸುತ್ತಿದೆ. ಹದಿನೆಂಟು. ಇನ್ನೊಂದು. ಮತ್ತೆ ಹದಿನೇಳು. ಇಪ್ಪತ್ತೈದು ಎಲ್ಲಿ, ಹದಿನೇಳು ಎಲ್ಲಿ. ಕೋಟಿಂಗ್ ಪೂರಾ ಕೆಟ್ಟಿದೆ ಅನ್ನುವುದೊಂದೇ ಇದರ ಅರ್ಥ. ಕೋಟಿಂಗ್ ಮೆಷಿನ್ನಿನಲ್ಲಿ ನಿಂತಿದ್ದವನು ಅವಳ ಗಂಡ. ಹೊರಗೆ ಲಾರಿ ನಿಂತಿತ್ತು.

“ಏನಾತ್ರಿ ಅಕ್ಕಾರ?”

ಅವಳೆದುರಿಗೇ ಮ್ಯಾನೇಜರಿಗೆ ಫೋನು ಮಾಡಿ, ಮಾಲು ಜಾರುತ್ತಿದೆ, ಲೋಡ್ ಮಾಡಬೇಡಿ, ಕೋಟಿಂಗ್ ಸರಿ ಇಲ್ಲ ಅಂದೆ. ಬೇರೇನು ಮಾಡಬೇಕಿತ್ತು? ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋಗುವವರ ತಲೆಯ ಮೇಲೆ ಬೀಳುವ ಚೀಲ ಅದು. ಅವಳ ಮುಖದ ಬಣ್ಣ ಇಳಿಯಿತು. ಬಿಚ್ಚದ ಡಬ್ಬಿಯನ್ನು ಎತ್ತಿಕೊಂಡು ಹೊರಟುಹೋದಳು.

ಗಾಜಿನ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಊಟದ ಹೊತ್ತು ಮುಗಿದರೂ ಮ್ಯಾನೇಜರು ಕೋಟಿಂಗ್ ಮೆಷಿನ್ ಶುರು ಮಾಡಗೊಡಲಿಲ್ಲ. ಅವನ ಬಾಯಿ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಅವಳ ಗಂಡ ತಲೆ ತಗ್ಗಿಸಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಕಾಂಟ್ರಾಕ್ಟರಿನ ಮನುಷ್ಯ ಬಂದು ಅವನ ಭುಜ ಹಿಡಿದು ಗೇಟಿನ ಕಡೆ ಕರೆದೊಯ್ದ. ನಾಳೆಯಿಂದ ಬರಬೇಡ ಅಂದರಂತೆ. ಡಬ್ಬಿ ತೆಗೆಯಲು ಮನಸ್ಸಾಗಲಿಲ್ಲ.

ಕೂತು ಯೋಚಿಸಿದೆ. ಗಟ್ಟಿಯ ತುಂಡನ್ನು ಎರಡು ಸಲ ಬದಲಿಸಿದ್ದೆ. ಹಲಗೆಯ ಮೇಲಿನದು ಹಬ್ಬದ ಮುಂಚಿನದೇ. ಎದ್ದು ಅದನ್ನು ತೆಗೆದು ಅದೇ ಮಾಲಿನ ಬೇರೆ ತುಂಡು ಹಾಸಿದೆ. ಅಷ್ಟರಲ್ಲಿ ಮಗ್ಗ, ಕಂಪ್ರೆಸರ್ ಎಲ್ಲ ಓಡುತ್ತಿದ್ದವು, ನೆಲ ನಡುಗುತ್ತಿತ್ತು. ಆದರೂ ಗಟ್ಟಿ ಇಪ್ಪತ್ಮೂರರ ತನಕ ಕೂತಿತ್ತು. ನಡುಕದಲ್ಲೇ ಇಷ್ಟು ಹಿಡಿದರೆ ನಡುಕವಿಲ್ಲದಾಗ ಇನ್ನೂ ಹೆಚ್ಚು ಹಿಡಿಯಲೇಬೇಕು! ತೆಗೆದಿಟ್ಟ ಹಳೆಯ ತುಂಡಿನ ಮೇಲೆ ಬೆರಳು ಎಳೆದು ನೋಡಿದೆ. ಬೆರಳ ತುದಿ ನುಣ್ಣಗೆ ಬೆಳ್ಳಗಾಯಿತು. ಮೂಸಿದೆ. ಕರ್ಪೂರ, ವಿಭೂತಿ. ಕೇರಂ ಬೋರ್ಡಿಗೆ ಪೌಡರ್ ಹಾಕಿದ ಹಾಗೆ ನಯವಾದ ಬೂದಿ ಇಡೀ ನೇಯ್ಗೆಯಲ್ಲಿ ತುಂಬಿಕೊಂಡಿತ್ತು. ಅವಳು ಒರೆಸಿದ್ದಳಲ್ಲ, ಒರೆಸುವ ಭರದಲ್ಲಿ ಉದ್ದಕ್ಕೂ ಸವರಿದ್ದಳು. ಅಯ್ಯೋ ನನ್ನ ಕರ್ಮವೇ ಅಂತ ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

ಆಮೇಲೆ ಎದ್ದು ಮ್ಯಾನೇಜರ ಕ್ಯಾಬಿನ್ನಿಗೆ ಹೋದೆ. ಮಾಲು ಸರಿ ಇದೆ, ತಪ್ಪು ನನ್ನ ಹಲಗೆಯ ಮೇಲಿತ್ತು ಅಂದೆ.

ಅವನು ನನಗಿಂತ ಎಷ್ಟೋ ಚಿಕ್ಕವನು. ಕುರ್ಚಿಗೆ ಒರಗಿ ಹೇಳಿದ: “ಮೇಡಂ, ಮಧ್ಯಾಹ್ನ ಒಂದು ಹೇಳಿದ್ರಿ, ಈಗ ಒಂದು ಹೇಳ್ತಿದ್ದೀರ. ಅವನ ಹೆಂಡ್ತಿ ಜೊತೆ ದಿನಾ ಊಟ ಮಾಡ್ತೀರಂತಲ್ಲ? ನಾನೇನು ಅಂದ್ಕೊಳ್ಳಲಿ?”

ಮೈ ಉರಿದುಹೋಯಿತು. ಅಪ್ಪ ಜೀವಮಾನವೆಲ್ಲ ಒಬ್ಬರೇ ಕಾಫಿ ಕುಡಿದದ್ದು ಈ ಒಂದು ಮಾತು ಕೇಳಬಾರದು ಅಂತ. ನಾನು ಕೇಳಿಸಿಕೊಂಡೆ.

“ಕಂಪ್ರೆಸರ್ ನಿಲ್ಸಿ. ಮಗ್ಗ ಎಲ್ಲಾ ನಿಲ್ಸಿ. ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸ್ತೀನಿ.”

“ಪ್ರೊಡಕ್ಷನ್ ನಿಲ್ಲಿಸೋದಾ? ತಮಾಷೆ ಮಾಡ್ತಿದ್ದೀರಾ?”

“ನಿಲ್ಲಿಸದೇ ಇದ್ರೆ ನಾನು ಈಗ್ಲೇ ಮನೆಗೆ ಹೋಗ್ತೀನಿ. ನಾಳೆಯಿಂದ ನೀವೇ ಹಿಡಿ ತಿರುಗಿಸ್ಕೊಳ್ಳಿ, ನೀವೇ ಸೈನ್ ಹಾಕ್ಕೊಳ್ಳಿ.”

ಅಷ್ಟು ಜೋರಾಗಿ ನಾನು ಮಾತಾಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ನಿಲ್ಲಿಸಿದರು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಇಡೀ ಶೆಡ್ಡು ಮೌನವಾಯಿತು. ಗಾಜಿನಾಚೆ ಹೊಲಿಗೆಯ ಹೆಂಗಸರು, ಮಗ್ಗದವರು, ಎಲ್ಲರೂ ಬಂದು ನಿಂತರು. ಮ್ಯಾನೇಜರು ತಾನೇ ಮಾಲಿನಿಂದ ತುಂಡು ಕತ್ತರಿಸಿ ತಂದ. ಹಾಸಿದೆ, ತಿರುಗಿಸಿದೆ. ಹದಿನೇಳು ದಾಟಿತು. ಇಪ್ಪತ್ತು ದಾಟಿತು. ಇಪ್ಪತ್ತೈದು ದಾಟಿ ಜಾರಿತು.

“ಸರಿ, ಹಾಗಾದ್ರೆ ಮಧ್ಯಾಹ್ನ ಏನಾಗಿತ್ತು?” ಅಂದ.

“ಪೂಜೆಯ ವಿಭೂತಿ ಇತ್ತು.”

“ಯಾರು ಹಚ್ಚಿದ್ದು?”

ಬಾಗಿಲ ಬಳಿಯಿಂದ ಅವಳೇ ಮುಂದೆ ಬಂದಳು. “ನಾನರಿ ಸಾಹೇಬ್ರ. ನಾನ ಹಚ್ಚೀನ್ರಿ. ಅಕ್ಕಾರದು ಏನೂ ತಪ್ಪಿಲ್ರಿ, ನಮ್ಮನಿಯಾವ್ರದೂ ಇಲ್ರಿ.”

ಮಾತು ಸಾಲದು, ಹಲಗೆಯೇ ಹೇಳಬೇಕು ಅಂದೆ. ಅವಳು ಉಂಡೆ ತೆಗೆದು, ಅವತ್ತು ಎಳೆದ ಹಾಗೆಯೇ ಮೂರು ಗೆರೆ ಎಳೆದಳು. ಅವತ್ತು ಒರೆಸಿದ ಹಾಗೆಯೇ ಒಣಬಟ್ಟೆಯಲ್ಲಿ ಒರೆಸಿದಳು. ಗಟ್ಟಿ ಇಟ್ಟು ಹಿಡಿ ತಿರುಗಿಸಿದೆ. ಹದಿನೆಂಟಕ್ಕೆ ಜಾರಿ ಬಂತು. ಯಾವಾಗಲೂ “ಹೋತ್ರಿ” ಅನ್ನುವವಳು ಈ ಸಲ ಏನೂ ಅನ್ನಲಿಲ್ಲ.

ಅವಳ ಗಂಡನನ್ನು ಗೇಟಿನಿಂದ ವಾಪಸು ಕರೆಸಿದರು. ಮಾಲು ಲಾರಿಗೆ ಹೋಯಿತು. ಮ್ಯಾನೇಜರು “ಸಾರಿ ಮೇಡಂ” ಅಂದ, ಅದನ್ನು ಒಪ್ಪಿಕೊಳ್ಳಬೇಕು. ಅದರ ಜೊತೆಗೆ ಇನ್ನೊಂದನ್ನೂ ಹೇಳಿದ: ಇನ್ನು ಮೇಲೆ ಟೆಸ್ಟ್ ರೂಮಿನೊಳಗೆ ನನ್ನನ್ನು ಬಿಟ್ಟು ಯಾರೂ ಕಾಲಿಡಬಾರದು. ಹೊಸ್ತಿಲಿಗೆ ಹಳದಿ ಪೇಂಟಿನ ಗೆರೆ ಬಂತು. ಬಾಗಿಲ ಹೊರಗೆ ತುಂಡು ಹಾಕಲು ಒಂದು ಪೆಟ್ಟಿಗೆ ಬಂತು. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ.

ಹೊರಗೆ ಕೂತು ತಿನ್ನಬಹುದಿತ್ತಲ್ಲ ಅನ್ನುತ್ತೀರಿ. ಅದನ್ನೂ ಮಾಡಿದೆ. ಒಂದು ದಿನ ಟೆಸ್ಟು ಬೇಗ ಮುಗಿಸಿ, ಹುಳಿಯವಲಕ್ಕಿಯ ದೊಡ್ಡ ಡಬ್ಬಿ ಹಿಡಿದು, ಹೊಲಿಗೆಯವರು ಊಟಕ್ಕೆ ಕೂರುವ ಶೀಟಿನ ಚಪ್ಪರದ ಕೆಳಗೆ ಹೋದೆ. ಅಲ್ಲಿಯವರೆಗೆ ಜೋರು ನಗು ಕೇಳುತ್ತಿತ್ತು. ನನ್ನನ್ನು ಕಂಡ ಕೂಡಲೇ ಎಲ್ಲರೂ ಸುಮ್ಮನಾದರು. ಒಬ್ಬಳು ಕಾಲು ಮಡಚಿಕೊಂಡಳು, ಇನ್ನೊಬ್ಬಳು ಎಂಜಲು ಕೈಯನ್ನು ಹಿಂದಕ್ಕೆ ಸರಿಸಿದಳು. ದಿನಾ ಅಕ್ಕಾರ ಅನ್ನುತ್ತಿದ್ದ ಅವಳು ಎದ್ದು ನಿಂತಳು. “ಬರ್ರಿ ಮೇಡಂ” ಅಂದಳು. ಮೇಡಂ! ನನಗಾಗಿ ಒಂದು ಪೇಪರು ಹಾಸಿದರು, ಎಷ್ಟು ಜಾಗ ಬಿಟ್ಟರೆಂದರೆ ಅಲ್ಲಿ ಮೂವರು ಕೂರಬಹುದಿತ್ತು. ಅವಲಕ್ಕಿಯನ್ನು ಎಲ್ಲರೂ ಚಿಟಿಕೆ ಚಿಟಿಕೆ ತೆಗೆದುಕೊಂಡು ಚೆನ್ನಾಗಿದೆ ಅಂದರು. ಆ ಮೂಲೆಯ ಸ್ಟೂಲಿನ ಮೇಲೆ ಅವಳು ಬೇರೆ, ಈ ಚಪ್ಪರದ ಕೆಳಗೆ ಬೇರೆ. ನಾನೂ ಬೇರೆಯೇ ಇದ್ದಿರಬೇಕು. ಮತ್ತೆ ಹೋಗಲಿಲ್ಲ.

ಅವತ್ತು ವಾಪಸು ಬರುವಾಗ ನಲ್ಲಿಯ ಹತ್ತಿರ ಅವಳು ಸಿಕ್ಕಳು. ನನ್ನ ಮೇಲೆ ಸಿಟ್ಟಾ ಅಂತ ಕೇಳಿದೆ. “ಸಿಟ್ಟು ಯಾಕ್ರಿ ಅಕ್ಕಾರ? ನೀವು ಇರದಿದ್ದರ ನಮ್ಮ ಹೊಟ್ಟಿ ಮ್ಯಾಲೆ ಕಲ್ಲು ಬೀಳತಿತ್ತು. ಆದರ ನನ್ನ ಕೈಲೆ ಆತಲ್ರಿ. ನಾ ಹಚ್ಚಿದ ಈಬತ್ತಿಯಿಂದ ಆತು.” ನಲ್ಲಿಯ ಕೆಳಗೆ ಬೆರಳುಗಳನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಅದು ಬೂದಿ, ಬರೀ ಬೂದಿ, ನಯವಾದ ಯಾವ ಪುಡಿ ಹಾಕಿದ್ದರೂ ಹಾಗೇ ಆಗುತ್ತಿತ್ತು ಅಂತ ಹೇಳಿದೆ. ಹೂಂ ಅಂದಳು. ಅವಳ ಮನಸ್ಸಿಗೆ ಅದು ಇಳಿಯಲಿಲ್ಲ.

ಅಲ್ಲಿಂದ ಮುಂದೆ ಅವಳು ತುಂಡುಗಳನ್ನು ತಂದು ಪೆಟ್ಟಿಗೆಗೆ ಹಾಕಿ, ಗಾಜಿನಾಚೆಯಿಂದ ಒಂದು ನಗು ನಕ್ಕು ಹೋಗುತ್ತಿದ್ದಳು. ನಾನು ಹಿಡಿ ತಿರುಗಿಸುತ್ತಿದ್ದೆ. ಗಟ್ಟಿ ಜಾರಿದಾಗ ಯಾರೂ ಕೂಗುತ್ತಿರಲಿಲ್ಲ. ದೊಡ್ಡ ಡಬ್ಬಿ ಅಡುಗೆಮನೆಯ ಮೇಲಿನ ಶೆಲ್ಫಿಗೆ ಹೋಯಿತು. ಸೋಮವಾರ ಕಂಡಕ್ಟರಿನ ಮುಂದೆ ಮತ್ತೆ ಕೆಮ್ಮತೊಡಗಿದೆ.

ಈ ವರ್ಷವೂ ಆಯುಧಪೂಜೆ ಬಂತು. ಈ ಸಲ ಹಲಗೆಯ ಮೇಲೆ ಏನೂ ಹಾಸಿರಲಿಲ್ಲ, ಪ್ಲಾಸ್ಟಿಕ್ ಕವರು ಮುಚ್ಚಿ ಕಟ್ಟಿದ್ದೆ. ಹೊರಗೆ ಗಂಟೆ, ಮಂಗಳಾರತಿ, ಬೂದುಗುಂಬಳ ಒಡೆದ ಸದ್ದು. ನಾನು ಸ್ಟೂಲಿನ ಮೇಲ್ಮೈಯ ಧೂಳು ಒರೆಸುತ್ತಾ ಕೂತಿದ್ದೆ. ಗಾಜನ್ನು ಯಾರೋ ಬೆರಳಿನಿಂದ ತಟ್ಟಿದರು.

ಅವಳು ತಟ್ಟೆ ಹಿಡಿದು ನಿಂತಿದ್ದಳು. ಬಾಗಿಲು ತೆಗೆದೆ. ಬಾ ಅಂದೆ, ಇವತ್ತು ಹಬ್ಬ, ಯಾರು ನೋಡುತ್ತಾರೆ ಅಂದೆ. ಅವಳು ಹಳದಿ ಗೆರೆ ನೋಡಿ ತಲೆಯಾಡಿಸಿದಳು. “ಒಳಗ ಬರೂದಿಲ್ರಿ. ಈ ಹೂ ತಗೋರಿ. ಈಬತ್ತಿ ನೀವ ಹಚ್ಚರಿ, ಹಲಗಿಗೆ ಬ್ಯಾಡ, ಕೆಳಗ ಕಾಲಿಗೆ ಹಚ್ಚರಿ. ಅಲ್ಲಿ ಏನೂ ಆಗೂದಿಲ್ಲಲ್ರಿ?”

ಅಲ್ಲಿ ಏನೂ ಆಗುವುದಿಲ್ಲ ಅಂದೆ. ಹೂ ತೆಗೆದುಕೊಂಡೆ. ಅವಳು ಉಂಡೆಯನ್ನು ನನ್ನ ಕೈಗೆ ಕೊಡಲು ಚಾಚಿದಳು. ನಾನು ಕೈ ಹಿಂದೆ ಕಟ್ಟಿಕೊಂಡೆ.

“ಹಲಗೆಗೂ ಬೇಡ, ಕಾಲಿಗೂ ಬೇಡ. ನನಗೆ ಹಚ್ಚು” ಅಂದೆ.

ಅವಳು ನನ್ನ ಮುಖ ನೋಡಿದಳು. “ನನ್ನ ಕೈಲೇನ್ರಿ?”

“ಇನ್ಯಾರ ಕೈಯಿಂದ ಹಚ್ಚಿಸ್ಕೊಳ್ಳಲಿ? ಮೆರವಣಿಗೆ ಕರೆಸ್ಲಾ?”

ಅವಳಿಗೆ ನಗುವೂ ಬಂತು, ಅಳುವೂ ಬಂತು. ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಮೂರು ಬೆರಳಿಗೆ ವಿಭೂತಿ ಸವರಿಕೊಂಡಳು. ನಾನು ಗೆರೆಯ ಈಚೆಯಿಂದ ಬಗ್ಗಿದೆ, ಅವಳು ಆಚೆಯಿಂದ ಕೈ ಚಾಚಿದಳು. ಚೀಲ ಹೊಲಿದು ಹೊಲಿದು ಅವಳ ಬೆರಳ ತುದಿಗಳು ತರಿತರಿಯಾಗಿದ್ದವು. ನಿಧಾನವಾಗಿ ಹಣೆಯ ಈ ಕೊನೆಯಿಂದ ಆ ಕೊನೆಗೆ ಎಳೆದಳು. ಅಪ್ಪ ಹೋದ ಮೇಲೆ ನನ್ನ ಮುಖವನ್ನು ಯಾರೂ ಮುಟ್ಟಿರಲಿಲ್ಲ. ಅದು ನನಗೆ ಆಗಲೇ ಗೊತ್ತಾದದ್ದು.

ಹೊಲಿಗೆಯವರು ಯಾರೋ ಅವಳನ್ನು ಕೂಗಿದರು. “ಬರತೀನ್ರಿ ಅಕ್ಕಾರ” ಅಂತ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಅವತ್ತು ಅರ್ಧ ದಿನಕ್ಕೇ ಬಿಟ್ಟರು. ಬಸ್ಸಿನ ತುಂಬ ಹಬ್ಬದ ಜನ, ಮಡಿಲಲ್ಲಿ ಕಡಲೆಪುರಿಯ ಪೊಟ್ಟಣ. ಮನೆಗೆ ಬಂದು ಚಪ್ಪಲಿ ಬಿಟ್ಟೆ. ಕಾಲು ತೊಳೆದೆ, ಕೈ ತೊಳೆದೆ. ಮುಖ ತೊಳೆಯಲಿಲ್ಲ.